ಬಡಗಿ ದುಂಬಿಯ ಮನೆ, ಆಸ್ತಿ

ಮೇಷ್ಟ್ರು: ಬಡಗಿ ದುಂಬಿ ಮರವನ್ನು ತಿನ್ನುವುದಿಲ್ಲ. ಅದರ ಗೂಡಿನ ವಿಚಾರವನ್ನು ಇಲ್ಲಿಂದಲೇ ಶುರು ಮಾಡಬೇಕು. ಗೆದ್ದಲಿಗೆ ಮರವೇ ಅನ್ನ. ಕುಟ್ಟೆ ಹುಳುವಿನ ಮರಿಯೂ ಮರವನ್ನೇ ಅರೆದು ಬೆಳೆಯುತ್ತದೆ. ದುಂಬಿಯ ಹೊಟ್ಟೆಗೆ ಹೋಗುವುದು ಮಕರಂದ ಮತ್ತು ಪರಾಗ ಮಾತ್ರ. ಮರ ಬೇಕಾಗಿರುವುದು ಮನೆಗೆ. ಕಚ್ಚಿ ತೆಗೆದ ಪುಡಿಯನ್ನು ಹಿಂದಕ್ಕೆ ನೂಕಿ ಹೊರಗೆ ಚೆಲ್ಲುತ್ತದೆ. ತೊಲೆಯ ಕೆಳಗೆ ನೆಲದ ಮೇಲೆ ಒರಟು ಹೊಟ್ಟಿನ ಗುಪ್ಪೆ ಕಂಡರೆ ಮೇಲೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಆಚಾರಿ: ಕುಟ್ಟೆ ಹಿಡಿದ ಮರದಿಂದ ಉದುರುವುದು ಹಿಟ್ಟಿನಂಥ ನುಣ್ಣನೆಯ ಪುಡಿ. ಅದರ ತೂತಿಗೆ ಗುಂಡುಸೂಜಿ ಹೋದರೆ ಹೆಚ್ಚು. ದುಂಬಿಯ ತೂತಿಗೆ ಕಿರುಬೆರಳು ತೂರುತ್ತದೆ. ಅಂಚು ನೋಡಿದರೆ ಬೈರಿಗೆ ಹಾಕಿ ಕೊರೆದ ಹಾಗೆ ದುಂಡಗೆ, ಎಲ್ಲೂ ಸಿಬಿರು ಎದ್ದಿರುವುದಿಲ್ಲ.

ಮೇಷ್ಟ್ರು: ಮರ ಹಾಳು ಮಾಡುವ ಬೇರೆ ಹುಳುಗಳಿಂದ ಇದನ್ನು ಬೇರೆ ಮಾಡಲು ಆ ದುಂಡು ಬಾಗಿಲೇ ಸಾಕು. ಜಾತಿಗೆ ತಕ್ಕಂತೆ ಅದರ ಅಗಲ ಒಂದರಿಂದ ಒಂದೂವರೆ ಸೆಂಟಿಮೀಟರ್ ಇರುತ್ತದೆ. ಬಾಗಿಲ ಕೆಳಗೆ ಮರದ ಮೇಲೆ ಹಳದಿ-ಕಂದು ಕಲೆ ಇಳಿದಿದ್ದರೆ ಅದು ದುಂಬಿಯ ಹಿಕ್ಕೆ. ಹಾಗಿದ್ದಲ್ಲಿ ಒಳಗೆ ಸಂಸಾರವಿದೆ.

ಆಚಾರಿ: ಇದು ಜೇನಿನ ಜಾತಿಯೋ, ಜೀರುಂಡೆಯ ಜಾತಿಯೋ?

ಮೇಷ್ಟ್ರು: ಜೇನಿನ ಬಳಗವೇ. ತುಡುವೆ, ಹೆಜ್ಜೇನು, ಮುಜಂಟಿ, ಬಡಗಿ ದುಂಬಿ ಎಲ್ಲ ಒಂದೇ ಕುಟುಂಬ. ದುಂಬಿಯ ಕುಲಕ್ಕೆ ಶಾಸ್ತ್ರದಲ್ಲಿ ಕ್ಸೈಲೊಕೋಪ ಎಂದು ಹೆಸರು. ಲೋಕದಲ್ಲಿ ಅದರ ನಾನೂರಕ್ಕೂ ಹೆಚ್ಚು ಜಾತಿಗಳಿವೆ, ಬಹುಪಾಲು ಬಿಸಿ ನಾಡುಗಳಲ್ಲಿ. ದಕ್ಷಿಣ ಭಾರತದಲ್ಲಿ ಕಣ್ಣಿಗೆ ಬೀಳುವ ದೊಡ್ಡ ಕರಿದುಂಬಿಗಳಲ್ಲಿ ಕ್ಸೈಲೊಕೋಪ ಲ್ಯಾಟಿಪಿಸ್ ಮತ್ತು ಟೆನ್ಯೂಸ್ಕಾಪ ಮುಖ್ಯವಾದವು. ಲ್ಯಾಟಿಪಿಸ್ ಹೆಣ್ಣಿನ ಉದ್ದ ಮೂರು ಸೆಂಟಿಮೀಟರಿಗೂ ಹೆಚ್ಚು; ಬಿಸಿಲಿಗೆ ರೆಕ್ಕೆ ನೀಲಿ-ಹಸಿರಾಗಿ ಮಿಂಚುತ್ತದೆ. ಗಂಡಿನ ಮುಂಗಾಲು ಅಗಲವಾಗಿದ್ದು ಅದರ ಅಂಚಿಗೆ ಬಿಳಿಯ ರೋಮದ ಜಾಲರಿ ಇರುತ್ತದೆ. ಎಲ್ಲ ದುಂಬಿಯೂ ಕಪ್ಪೇ ಎಂದು ತಿಳಿಯಬಾರದು. ಪ್ಯೂಬೆಸೆನ್ಸ್ ಎಂಬ ಜಾತಿಯಲ್ಲಿ ಹೆಣ್ಣಿನ ಎದೆಯ ಮೇಲೆ ಮಾತ್ರ ಹಳದಿ ರೋಮ, ಗಂಡಿಗೆ ಮೈತುಂಬ ಹಳದಿ. ಅವೆರಡೂ ಒಂದೇ ಜಾತಿ ಎಂದು ನೋಡಿದವರಿಗೆ ನಂಬಿಕೆ ಬರುವುದಿಲ್ಲ.

ಆಚಾರಿ: ಕೆಲಸ ಮಾಡುವಾಗ ಮುಖದ ಮುಂದೆಯೇ ಬಂದು ಗುಂಯ್‌ಗುಟ್ಟುತ್ತಾ ನಿಲ್ಲುತ್ತದಲ್ಲ, ಅದು ಕುಟುಕುತ್ತದೆಯೇ?

ಮೇಷ್ಟ್ರು: ಹಾಗೆ ಗಾಳಿಯಲ್ಲಿ ನಿಂತು ಹೆದರಿಸುವುದು ಸಾಮಾನ್ಯವಾಗಿ ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಗೂಡಿನ ಸುತ್ತಲೋ ಹೂಗಿಡದ ಸುತ್ತಲೋ ಒಂದಿಷ್ಟು ಜಾಗವನ್ನು ತನ್ನದೆಂದು ಕಾಯುತ್ತಾ, ಹಾದುಹೋಗುವ ಇನ್ನೊಂದು ಗಂಡನ್ನೂ ಹಕ್ಕಿಯನ್ನೂ ಮನುಷ್ಯರನ್ನೂ ಒಂದೇ ಆವೇಶದಿಂದ ಅಟ್ಟಿಸಿಕೊಂಡು ಬರುತ್ತದೆ. ಹೆಣ್ಣಿಗೆ ಕೊಂಡಿ ಇದೆ, ಚುಚ್ಚಿದರೆ ನೋವು ಜೋರು. ಆದರೆ ಕೈಯಲ್ಲಿ ಹಿಡಿದರೋ ಬಟ್ಟೆಯೊಳಗೆ ಸಿಕ್ಕಿದರೋ ಮಾತ್ರ ಅದು ಚುಚ್ಚುವುದು. ಗೂಡಿನ ಬಳಿ ಜನ ಓಡಾಡಿದರೆ ಹೆಜ್ಜೇನಿನಂತೆ ಎದ್ದು ಬರುವುದಿಲ್ಲ.

ಆಚಾರಿ: ಕರ್ಣನ ತೊಡೆ ಕೊರೆದದ್ದು ದುಂಬಿಯೇ ಅಂತ ಹರಿಕಥೆಯಲ್ಲಿ ಹೇಳುತ್ತಾರಲ್ಲ, ಮೇಷ್ಟ್ರೇ?

ಮೇಷ್ಟ್ರು: ವ್ಯಾಸಭಾರತದ ಶಾಂತಿಪರ್ವದಲ್ಲಿ ಆ ಹುಳುವಿನ ಹೆಸರು ಅಲರ್ಕ. ಅದಕ್ಕೆ ಎಂಟು ಕಾಲು, ಮೈತುಂಬ ಸೂಜಿಯಂಥ ಕೂದಲು. ಶಾಪಕ್ಕೆ ಸಿಕ್ಕಿದ ಅಸುರ ಅದು. ದುಂಬಿಗೆ ಇರುವುದು ಆರೇ ಕಾಲು. ಕಥೆ ಬಾಯಿಂದ ಬಾಯಿಗೆ ಬರುವಾಗ, ಕೊರೆಯುವ ಕೀಟವೆಂದು ಊರಿನವರ ಕಣ್ಣೆದುರಿಗೆ ಇದ್ದದ್ದು ಅಲರ್ಕನ ಜಾಗಕ್ಕೆ ಬಂದು ಕೂತಿರಬೇಕು. ನಿಜದ ದುಂಬಿಗೆ ಮಾಂಸದ ಗೊಡವೆಯಿಲ್ಲ, ಒಣಮರ ಸಾಕು.

ಆಚಾರಿ: ಒಣಮರ ಎಂದರೆ ಎಲ್ಲ ಮರವೂ ಅಲ್ಲ. ಬೀಟೆಯ ಚೇಗಿನಲ್ಲಿ ದುಂಬಿ ಕೊರೆದದ್ದು ಕಾಣುವುದು ಅಪರೂಪ. ಬಣ್ಣ ಕಾಣದ ಮೆದು ಮರದ ಜಂತೆ, ಪಕಾಸಿ, ಬೇಲಿಗೂಟ, ದನದ ಕೊಟ್ಟಿಗೆಯ ಅಡ್ಡಪಟ್ಟಿ, ಇವೇ ಅದರ ಜಾಗ.

ಮೇಷ್ಟ್ರು: ಅದರ ಆಯ್ಕೆ ಬಡಗಿಯ ಆಯ್ಕೆಗೆ ತಿರುಗುಮುರುಗು ಎನ್ನಬಹುದು. ಮರ ಸತ್ತಿರಬೇಕು, ಒಣಗಿರಬೇಕು, ಆದರೆ ಕೊಳೆತು ಪುಡಿಯಾಗಿರಬಾರದು. ನಾರು ನೇರವಾಗಿದ್ದು ಮೆದುವಾಗಿದ್ದರೆ ಒಳ್ಳೆಯದು. ತೊಗಟೆ ಇರುವ ಮರಕ್ಕಿಂತ ತೊಗಟೆ ಕಳಚಿದ್ದು ಇಷ್ಟ. ಬಣ್ಣ ಬಳಿದ ಮೇಲ್ಮೈಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಬಾಗಿಲನ್ನು ಹೆಚ್ಚಾಗಿ ತೊಲೆಯ ಅಡಿಬದಿಗೋ ಸೂರಿನ ಮರೆಯಲ್ಲೋ ತೆರೆಯುತ್ತದೆ, ಮಳೆನೀರು ಒಳಗೆ ಇಳಿಯದ ಹಾಗೆ. ಮನುಷ್ಯ ಮನೆ ಕಟ್ಟುವ ಮೊದಲು ಇದೆಲ್ಲ ಕಾಡಿನ ಒಣಕೊಂಬೆಗಳಲ್ಲೇ ನಡೆಯುತ್ತಿತ್ತು. ಮಳೆಗೆ ನೆನೆಯದ, ನೆಲ ಮುಟ್ಟದ, ವರ್ಷಗಟ್ಟಲೆ ಅಲ್ಲಾಡದ ಒಣಮರ ಸೂರಿನಡಿ ಸಾಲುಸಾಲಾಗಿ ಸಿಗುವಾಗ ಅದು ಕಾಡಿನಲ್ಲಿ ಹುಡುಕುವುದೇಕೆ?

ಆಚಾರಿ: ಕೊರೆಯುವುದು ಯಾವುದರಿಂದ? ಕೊಂಡಿಯಿಂದ ಎನ್ನುವವರೂ ಇದ್ದಾರೆ.

ಮೇಷ್ಟ್ರು: ದವಡೆಯಿಂದ. ತಲೆಯ ಬಹುಭಾಗ ಆ ದವಡೆಯನ್ನು ಎಳೆಯುವ ಸ್ನಾಯುಗಳಿಂದಲೇ ತುಂಬಿದೆ. ಹೆಣ್ಣು ಒಂದು ಕಡೆ ಕಚ್ಚಿ, ಮೈಯನ್ನು ಸ್ವಲ್ಪ ತಿರುಗಿಸಿ, ಮತ್ತೆ ಕಚ್ಚುತ್ತಾ ಸುತ್ತು ಬರುವುದರಿಂದ ಬಾಗಿಲು ದುಂಡಗಾಗುತ್ತದೆ. ಆ ಕೆರೆತ ಹೊರಗೆ ನಿಂತವರ ಕಿವಿಗೂ ಕೇಳುತ್ತದೆ. ಗಂಡು ಈ ಕೆಲಸಕ್ಕೆ ಹಲ್ಲು ಹಾಕುವುದೇ ಇಲ್ಲ.

ಮೊದಲು ನಾರಿಗೆ ಅಡ್ಡಲಾಗಿ, ತನ್ನ ಮೈಯುದ್ದದಷ್ಟು ಒಳಕ್ಕೆ ಹೋಗುತ್ತದೆ. ಕಷ್ಟದ ಕೆಲಸ ಅದೇ. ಆಮೇಲೆ ಸುರಂಗ ಮೂಲೆಮಟ್ಟಕ್ಕೆ ತಿರುಗಿ ನಾರಿನ ಗುಂಟ ಸಾಗುತ್ತದೆ. ಒಂದು ಬದಿಗೆ, ಕೆಲವೊಮ್ಮೆ ಎರಡೂ ಬದಿಗೆ. ಅಮೆರಿಕದ ಪೂರ್ವಭಾಗದ ವರ್ಜಿನಿಕ ಎಂಬ ಜಾತಿಯನ್ನು ಬಹಳ ಕಾಲದಿಂದ ಗಮನಿಸಿದ್ದಾರೆ. ಅದರಲ್ಲಿ ಎರಡೂವರೆ ಸೆಂಟಿಮೀಟರ್ ಸುರಂಗಕ್ಕೆ ಸುಮಾರು ಆರು ದಿನ ಹಿಡಿಯುತ್ತದೆ. ಹೊಸ ಗೂಡಿನ ಸುರಂಗ ಹತ್ತು ಹದಿನೈದು ಸೆಂಟಿಮೀಟರಿಗೆ ನಿಲ್ಲುತ್ತದೆ. ಅಷ್ಟಕ್ಕೇ ತಿಂಗಳ ದುಡಿಮೆ.

ಆಚಾರಿ: ನಾರಿನ ಗುಂಟ ಹೋಗುವುದು ಸರಿ. ಉಳಿಯೂ ಆ ಕಡೆಗೇ ಸಲೀಸಾಗಿ ಹೋಗುವುದು. ಆದರೆ ಅಷ್ಟು ಕಷ್ಟಪಟ್ಟು ಕೊರೆದ ಮೇಲೆ ಒಳಗೆ ಜೇನುತಟ್ಟಿ ಕಟ್ಟುತ್ತದೆಯೇ?

ಮೇಷ್ಟ್ರು: ತಟ್ಟಿಯೂ ಇಲ್ಲ, ಮೇಣವೂ ಇಲ್ಲ, ಮನುಷ್ಯನಿಗೆ ಸಿಗುವಂಥ ತುಪ್ಪವೂ ಇಲ್ಲ. ಇದು ಸಾಲುಮನೆ. ಹೆಣ್ಣು ಸುರಂಗದ ತುದಿಗೆ ಹೋಗಿ ಪರಾಗವನ್ನು ಮಕರಂದದಲ್ಲಿ ಕಲಸಿ ಒಂದು ಉಂಡೆ ಮಾಡಿಡುತ್ತದೆ. ಮಕರಂದ ಬರುವುದು ಹೊಟ್ಟೆಯ ಚೀಲದಲ್ಲಿ, ಪರಾಗ ಹಿಂಗಾಲಿನ ದಟ್ಟ ರೋಮದಲ್ಲಿ. ಉಂಡೆಯ ಮೇಲೆ ಒಂದೇ ಒಂದು ಮೊಟ್ಟೆ. ಆಮೇಲೆ ಸುರಂಗದ ಗೋಡೆಯಿಂದ ಕೆರೆದ ಪುಡಿಯನ್ನು ಜೊಲ್ಲಿನಲ್ಲಿ ಕಲಸಿ, ಅಂಚಿನಿಂದ ನಡುವಿಗೆ ಸುರುಳಿ ಸುತ್ತುತ್ತಾ ಬಂದು ಒಂದು ಬಿಲ್ಲೆ ಕಟ್ಟಿ ಕೋಣೆ ಮುಚ್ಚುತ್ತದೆ. ಹೊರಗೆ ಚೆಲ್ಲಿದ ಹೊಟ್ಟು ಬೇರೆ, ಗೋಡೆಗೆ ಬಳಸುವ ಪುಡಿ ಬೇರೆ. ಆ ಬಿಲ್ಲೆಯ ಈಚೆ ಇನ್ನೊಂದು ಉಂಡೆ, ಇನ್ನೊಂದು ಮೊಟ್ಟೆ, ಇನ್ನೊಂದು ಗೋಡೆ. ಹೀಗೆ ಬಾಗಿಲಿನ ಕಡೆಗೆ ಸರಿದು ಬರುತ್ತದೆ.

ಆಚಾರಿ: ಒಂದು ಸುರಂಗಕ್ಕೆ ಎಷ್ಟು ಕೋಣೆ?

ಮೇಷ್ಟ್ರು: ಆರೆಂಟು ಆದರೆ ದೊಡ್ಡ ಸಂಸಾರ. ಹೆಜ್ಜೇನಿನ ರಾಣಿ ದಿನಕ್ಕೆ ನೂರುಗಟ್ಟಲೆ ಮೊಟ್ಟೆ ಇಡುವ ಪ್ರಾಣಿ; ಬಡಗಿ ದುಂಬಿಯ ಹೆಣ್ಣು ಇಡೀ ಜೀವಮಾನಕ್ಕೆ ಇಡುವುದು ಕೈಬೆರಳಲ್ಲಿ ಎಣಿಸುವಷ್ಟು. ಅದಕ್ಕೆ ತಕ್ಕಂತೆ ಒಂದೊಂದು ಮೊಟ್ಟೆಯೂ ಭಾರಿಯದು. ಕೆಲವು ಜಾತಿಗಳಲ್ಲಿ ಮೊಟ್ಟೆಯ ಉದ್ದ 15 ಮಿಲಿಮೀಟರ್ ದಾಟುತ್ತದೆ. ಇಡೀ ಕೀಟಲೋಕದಲ್ಲೇ ಅತಿ ದೊಡ್ಡ ಮೊಟ್ಟೆಗಳು ಈ ಕುಲದವು. ತುಡುವೆ ಜೇನಿನ ಇಡೀ ಮೈಯಿಗಿಂತ ಉದ್ದದ ಮೊಟ್ಟೆ ಎಂದರೆ ಅಂದಾಜಾದೀತು.

ಮೊಟ್ಟೆಯಿಂದ ಹೊರಟ ಮರಿಹುಳು ತನ್ನ ಪಾಲಿನ ಉಂಡೆಯನ್ನು ತಿಂದು ಮುಗಿಸಿ ಅದೇ ಕೋಣೆಯಲ್ಲಿ ಪೊರೆಹುಳುವಾಗಿ, ರೆಕ್ಕೆ ಬಂದ ದುಂಬಿಯಾಗುತ್ತದೆ. ವರ್ಜಿನಿಕ ಜಾತಿಯಲ್ಲಿ ಇದಕ್ಕೆ ಸುಮಾರು 36 ದಿನ ಬೇಕು. ಮೊದಲು ಇಟ್ಟ ಮೊಟ್ಟೆ ತುದಿಯಲ್ಲಿರುವುದರಿಂದ ಹಿರಿಯದಕ್ಕೆ ಬಾಗಿಲು ದೂರ, ನಡುವೆ ತಮ್ಮ ತಂಗಿಯರ ಕೋಣೆಗಳು. ಹೊರಬರಬೇಕಾದರೆ ಅದು ಕಾಯಬೇಕು, ಇಲ್ಲವೇ ನಡುಗೋಡೆ ಒಡೆದು ಜಾಗ ಮಾಡಿಕೊಳ್ಳಬೇಕು. ರೆಕ್ಕೆ ಬಂದ ಕೂಡಲೇ ಮನೆ ಬಿಟ್ಟು ಹೋಗುವುದೂ ಇಲ್ಲ. ಒಂದೆರಡು ವಾರ ಗೂಡಿನೊಳಗೇ ಕೂತು, ತಾಯಿ ಹೊತ್ತು ತಂದ ಮಕರಂದಕ್ಕೆ ಬಾಯಿ ಒಡ್ಡುತ್ತದೆ. ಬಹುಪಾಲು ಒಂಟಿ ಜೇನುಗಳಲ್ಲಿ ತಾಯಿ ಮಕ್ಕಳ ಮುಖ ನೋಡುವುದೇ ಇಲ್ಲ. ಮೊಟ್ಟೆಯಿಟ್ಟು ಕೋಣೆ ಮುಚ್ಚಿ ಸಾಯುತ್ತದೆ. ಇಲ್ಲಿ ತಾಯಿ ಬದುಕಿದ್ದು ಬೆಳೆದ ಮಕ್ಕಳಿಗೂ ಉಣಿಸುತ್ತದೆ.

ಆಚಾರಿ: ಬಿದಿರಿನಲ್ಲೂ ದುಂಬಿ ಇರುತ್ತದೆ. ಅಲ್ಲಿ ಕೊರೆಯುವುದು ಏನೂ ಇಲ್ಲವಲ್ಲ, ಒಳಗೆ ಆಗಲೇ ಟೊಳ್ಳು.

ಮೇಷ್ಟ್ರು: ಗೋಡೆ ಒಂದನ್ನು ತೂತು ಮಾಡಿದರೆ ಆಯಿತು. ಎರಡು ಗೆಣ್ಣುಗಳ ನಡುವಿನ ಟೊಳ್ಳೇ ಸಿದ್ಧ ಸುರಂಗ. ಹಾಗಾಗಿ ಗೂಡುಗಳಲ್ಲಿ ಎರಡು ಬಗೆ ಎಣಿಸುತ್ತಾರೆ. ಬಿದಿರು, ಜೊಂಡು, ಒಣಗಿದ ಹೂಗಂಬಗಳಲ್ಲಿ ಒಂದೇ ಗೆರೆಯ ಗೂಡು. ತೊಲೆ, ದಿಮ್ಮಿಗಳಲ್ಲಿ ಕವಲೊಡೆದ ಗೂಡು. ಈ ಬಳಗಕ್ಕೆ ಹೊರತಾದದ್ದೂ ಒಂದಿದೆ. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಒಣನಾಡುಗಳಲ್ಲಿ ಪ್ರಾಕ್ಸೈಲೊಕೋಪ ಎಂಬ ಗುಂಪಿನ ದುಂಬಿಗಳು ಮರವನ್ನೇ ಬಿಟ್ಟು ನೆಲ ಕೊರೆಯುತ್ತವೆ. ಮರವಿಲ್ಲದ ಸೀಮೆಯಲ್ಲಿ ಬಡಗಿ ಒಡ್ಡನಾದ ಹಾಗೆ. ಇನ್ನು ಲಂಟಾನದ ಒಣಕಡ್ಡಿ ಮುರಿದರೆ ಬೆಂಡಿನಲ್ಲಿ ಸಿಗುವ ಇರುವೆ ಗಾತ್ರದ ಕಿರುದುಂಬಿಗಳು ಸೆರಟೀನ ಎಂಬ ಬೇರೆ ಕುಲದವು. ನೆಂಟರು ಹೌದು, ಆದರೆ ಅವುಗಳ ಕೆಲಸ ಬೆಂಡು ತೆಗೆಯುವುದಷ್ಟೇ, ಮರ ಕೊರೆಯುವುದಲ್ಲ.

ಆಚಾರಿ: ಹಳೆಯ ತೊಲೆ ಬಿಚ್ಚಿ ಸೀಳಿದಾಗ ಒಳಗೆ ಕೈಯುದ್ದದ ಸುರಂಗ ಸಿಗುವುದೂ ಉಂಟು. ಹದಿನೈದು ಸೆಂಟಿಮೀಟರ್ ಅಂತೀರಲ್ಲ.

ಮೇಷ್ಟ್ರು: ಅದು ಒಂದು ದುಂಬಿಯ ಕೆಲಸವಲ್ಲ, ಹಲವು ತಲೆಮಾರಿನದು. ಇಡೀ ವಿಷಯದ ಗುಟ್ಟು ಇಲ್ಲಿದೆ. ಹೊಸದಾಗಿ ಕೊರೆಯಲು ತಿಂಗಳು ಬೇಕು, ದವಡೆ ಸವೆಯುತ್ತದೆ, ಆ ದಿನಗಳಲ್ಲಿ ಹೂವಿಗೆ ಹೋಗಲಾಗುವುದಿಲ್ಲ, ಮೊಟ್ಟೆ ಇಡಲಾಗುವುದಿಲ್ಲ. ಇದ್ದ ಗೂಡನ್ನು ಕೆರೆದು ಚೊಕ್ಕಟ ಮಾಡಿ, ಬೇಕಿದ್ದರೆ ಒಂದೆರಡು ಅಂಗುಲ ಮುಂದೆ ತಳ್ಳಿದರೆ ಅಷ್ಟೂ ಉಳಿತಾಯ. ಅದರಿಂದ ಮಗಳು ತಾಯಿಯ ಗೂಡಿಗೇ ಬರುತ್ತದೆ, ಮೊಮ್ಮಗಳೂ ಅಲ್ಲಿಗೇ. ಹೀಗೆ ಬೆಳೆದ ಗೂಡಿನಲ್ಲಿ ಒಂದೇ ಬಾಗಿಲಿನಿಂದ ಹಲವು ಕವಲು ಹೊರಟು ಎಲ್ಲ ಸೇರಿ ಮೀಟರಿಗೂ ಉದ್ದವಾಗುತ್ತದೆ. ಜೇನಿನ ಆಸ್ತಿ ತುಪ್ಪ. ದುಂಬಿಯ ಆಸ್ತಿ ಮನೆ. ಆಸ್ತಿ ಇದ್ದಲ್ಲಿ ವ್ಯಾಜ್ಯ ಇದ್ದೇ ಇರುತ್ತದೆ.

ಆಚಾರಿ: ಅಕ್ಕ ತಂಗಿಯರ ನಡುವೆಯೇ?

ಮೇಷ್ಟ್ರು: ತಾಯಿ ಮಗಳ ನಡುವೆಯೂ, ಹೊರಗಿನವರ ಜೊತೆಯೂ. ಇಸ್ರೇಲಿನಲ್ಲಿ ಪ್ಯೂಬೆಸೆನ್ಸ್, ಸಲ್ಕಾಟಿಪಿಸ್ ಎಂಬ ಎರಡು ಜಾತಿಗಳನ್ನು ಬಹಳ ವರ್ಷ ನೋಡಿದ್ದಾರೆ. ಸ್ವಂತ ಗೂಡಿಲ್ಲದ ಹೆಣ್ಣು ಬಂದು ಯಜಮಾನಿಯ ಜೊತೆ ಕಾದಾಡುತ್ತದೆ. ಗೆದ್ದರೆ ಹಿಂದಿನವಳ ಮೊಟ್ಟೆ ಮರಿಗಳನ್ನು ಕೋಣೆಯಿಂದ ಕಿತ್ತು ಬಿಸಾಡಿ ತನ್ನ ಸಂಸಾರ ಹೂಡುತ್ತದೆ. ಬೆಳೆದ ಮಗಳು ತಾಯಿಯನ್ನೇ ಮೂಲೆಗೆ ತಳ್ಳುವುದೂ ಇದೆ. ಇನ್ನು ನೆರೆಮನೆಯ ಹೆಣ್ಣುಗಳು ಯಜಮಾನಿ ಹೂವಿಗೆ ಹೋದ ಹೊತ್ತು ನೋಡಿ ಒಳನುಗ್ಗಿ, ಕಲಸಿಟ್ಟ ಪರಾಗವನ್ನು ಕದ್ದೊಯ್ಯುತ್ತವೆ.

ಈ ಕಳ್ಳತನಕ್ಕೆ ಮದ್ದು ಕಾವಲು. ಸೋತ ಹೆಣ್ಣು ಎಷ್ಟೋ ಸಲ ಗೂಡು ಬಿಟ್ಟು ಹೋಗುವುದಿಲ್ಲ. ಗೆದ್ದವಳ ಬಾಗಿಲಲ್ಲೇ ಕಾವಲುಗಾರ್ತಿಯಾಗಿ ಉಳಿಯುತ್ತದೆ. ಬೇರೆಯವರು ಬಂದರೆ ಮೈಯಿಂದಲೇ ಬಾಗಿಲು ಅಡ್ಡಗಟ್ಟುತ್ತದೆ. ಯಜಮಾನಿ ದುಡಿದು ತಂದ ಮಕರಂದದಲ್ಲಿ ಅದಕ್ಕೂ ಪಾಲು. ಹೊರಗೆ ಹೋದರೆ ಹೊಸ ಗೂಡು ಕೊರೆಯಬೇಕು. ಇಲ್ಲೇ ಇದ್ದರೆ ಮುಂದೆ ಯಾವಾಗಲಾದರೂ ಗೂಡು ತನ್ನ ಕೈಗೆ ಬಂದೀತು. ಲೆಕ್ಕ ಅಷ್ಟೇ.

ಆಚಾರಿ: ಹಾಗಾದರೆ ಯಜಮಾನಿ ಎಂದರೆ ಜೇನಿನ ರಾಣಿಯ ಹಾಗೆ ಕೂತು ಉಣ್ಣುವವಳಲ್ಲ.

ಮೇಷ್ಟ್ರು: ತದ್ವಿರುದ್ಧ. ಕೆನಡಾದ ನಯಾಗರ ಪ್ರದೇಶದಲ್ಲಿ ವರ್ಜಿನಿಕ ಜಾತಿಯ ಗೂಡುಗಳನ್ನು ಗುರುತು ಹಾಕಿ ಗಮನಿಸಿದಾಗ ಕಂಡದ್ದು ಇದು: ಒಂದು ಗೂಡಿನಲ್ಲಿ ಹಲವು ಹೆಣ್ಣುಗಳಿದ್ದರೂ ಎಲ್ಲರ ಮೇಲೆ ಕೈ ಮಾಡುವ ಒಂದೇ ಹೆಣ್ಣು ಗೂಡು ಕೆರೆಯುತ್ತದೆ, ಪರಾಗ ತರುತ್ತದೆ, ಮೊಟ್ಟೆ ಇಡುತ್ತದೆ. ಎರಡನೆಯ ಸಾಲಿನವು ಸರದಿಗೆ ಕಾಯುತ್ತವೆ. ಯಜಮಾನಿ ಸತ್ತರೆ ಅವು ಆ ಜಾಗಕ್ಕೆ ಏರುತ್ತವೆ. ಮೂರನೆಯ ಸಾಲಿನವು ಆ ವರ್ಷ ಏನನ್ನೂ ಮಾಡದೆ, ಮೈ ಸವೆಸಿಕೊಳ್ಳದೆ, ಇನ್ನೊಂದು ಚಳಿಗಾಲವನ್ನು ಗೂಡಿನಲ್ಲೇ ಕಳೆದು ಮರುವರ್ಷಕ್ಕೆ ಉಳಿಯುತ್ತವೆ. ಜೇನಿನಲ್ಲಿ ದುಡಿಯುವವರಿಗೆ ಮೊಟ್ಟೆಯ ಹಕ್ಕಿಲ್ಲ. ಇಲ್ಲಿ ದುಡಿಯುವವಳಿಗೇ ಹಕ್ಕು. ಸಮಾಜವೆಂದು ಕರೆಯಲು ಕೆಲವರು ಹಿಂಜರಿಯುತ್ತಾರೆ, ಒಂಟಿ ಕೀಟವೆನ್ನಲೂ ಆಗುವುದಿಲ್ಲ. ಒಂದೇ ಸೂರಿನ ಹಕ್ಕುದಾರರು ಎಂದರೆ ಹೆಚ್ಚು ಸರಿ.

ಆಚಾರಿ: ಚಳಿ ನಾಡಿನ ಮಾತು ಅದು. ಈ ಕಡೆಗೆ ಹಾಗೆ ವರ್ಷಕ್ಕೊಂದೇ ಸಲವೇ?

ಮೇಷ್ಟ್ರು: ಅಲ್ಲಿ ವರ್ಷಕ್ಕೆ ಒಂದೇ ತಲೆಮಾರು. ವಸಂತದಲ್ಲಿ ಕೂಡುವುದು, ಬೇಸಗೆಯ ಕೊನೆಗೆ ಮಕ್ಕಳು, ಚಳಿಗೆ ಎಲ್ಲವೂ ಒಂದೇ ಸುರಂಗದಲ್ಲಿ ಮುದುಡಿ ಮಲಗುವುದು. ಬಿಸಿ ನಾಡುಗಳಲ್ಲಿ ಹೂವು ಇದ್ದಷ್ಟು ಕಾಲ ಸಂಸಾರ ನಡೆಯುತ್ತದೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ತಲೆಮಾರು ಏಳುತ್ತವೆ. ಅದರಿಂದಲೇ ಇಲ್ಲಿ ಗೂಡು ಖಾಲಿ ಇರುವ ಕಾಲ ಇಂಥದ್ದೇ ಎಂದು ಪಂಚಾಂಗ ನೋಡಿ ಹೇಳುವ ಹಾಗಿಲ್ಲ.

ಆಚಾರಿ: ಕತ್ತಲಾದ ಮೇಲೂ ದುಂಬಿಯ ಸದ್ದು ಕೇಳುವುದುಂಟು. ರಾತ್ರಿ ಅದಕ್ಕೆ ದಾರಿ ಕಾಣುತ್ತದೆಯೇ?

ಮೇಷ್ಟ್ರು: ಒಂದು ಜಾತಿಗೆ ಚೆನ್ನಾಗಿಯೇ ಕಾಣುತ್ತದೆ. ಅದರ ಹೆಸರು ಟ್ರಾಂಕ್ವಿಬಾರಿಕ. ತಮಿಳುನಾಡಿನ ತರಂಗಂಬಾಡಿಯ ಹೆಸರು ಅದರಲ್ಲಿದೆ. ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಾರಂಟ್, ಆಲ್ಮುಟ್ ಕೆಲ್ಬರ್ ಇದನ್ನು ಮಹಾರಾಷ್ಟ್ರದ ಭೀಮಾಶಂಕರ ಕಾಡಿನಲ್ಲಿ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ಅಲ್ಲಿ ಒಂದೇ ಕಾಡಿನಲ್ಲಿ ಮೂರು ಜಾತಿಗಳಿವೆ. ಲ್ಯೂಕೊಥೊರಾಕ್ಸ್ ಹಗಲಿನದು. ಟೆನ್ಯೂಸ್ಕಾಪ ಹಗಲಿನದಾದರೂ ಮಬ್ಬುಗತ್ತಲಲ್ಲಿ, ಬೆಳದಿಂಗಳಲ್ಲಿ ಹಾರುವುದುಂಟು. ಟ್ರಾಂಕ್ವಿಬಾರಿಕ ಮಾತ್ರ ಅಮಾವಾಸ್ಯೆಯ ಕತ್ತಲಲ್ಲೂ ಹೂವಿಗೆ ಹೋಗಿ ಗೂಡಿಗೆ ಮರಳುತ್ತದೆ. ಇಷ್ಟು ಕತ್ತಲಲ್ಲಿ ಹಾರುವ ಜೇನು ಲೋಕದಲ್ಲಿ ಬೇರೊಂದು ತಿಳಿದಿಲ್ಲ.

ಗೂಡಿನ ಬಾಗಿಲ ಬಳಿ ಬಣ್ಣದ ಗುರುತುಗಳನ್ನಿಟ್ಟು ಪರೀಕ್ಷಿಸಿದಾಗ, ನಕ್ಷತ್ರದ ಬೆಳಕಿನಲ್ಲೇ ಅದು ಆ ಬಣ್ಣಗಳನ್ನು ಕಲಿತು ತನ್ನ ಬಾಗಿಲನ್ನು ಗುರುತಿಸಿತು. ಮನುಷ್ಯನ ಕಣ್ಣಿಗೆ ಆ ಬೆಳಕಿನಲ್ಲಿ ಬಣ್ಣವೇ ಇರುವುದಿಲ್ಲ, ಎಲ್ಲ ಬೂದು. ಅದರ ಕಣ್ಣಿನ ರಚನೆ ಹಗಲಿನ ಜೇನುಗಳದ್ದೇ ಬಗೆಯದು. ಕಣ್ಣೂ ಅದರ ಮಸೂರಗಳೂ ದೊಡ್ಡವು, ಅಷ್ಟೆ. ಸಾಲು ಬಾಗಿಲುಗಳಿರುವ ಒಂದು ಒಣಮರದಲ್ಲಿ ತಪ್ಪು ಬಾಗಿಲು ಹೊಕ್ಕರೆ ಒಳಗಿನವಳ ಕಡಿತ ಕಾದಿರುತ್ತದೆ. ಹಾಗಾಗಿ ತನ್ನ ಮನೆ ಯಾವುದೆಂದು ಖಚಿತವಾಗಿ ತಿಳಿಯುವುದು ಅದಕ್ಕೆ ದೊಡ್ಡ ವಿದ್ಯೆ.

ಆಚಾರಿ: ಗೂಡಿನೊಳಗೆ ದುಂಬಿಯ ಹೊರತು ಬೇರೆ ಜೀವ ಇರುತ್ತವೆಯೇ?

ಮೇಷ್ಟ್ರು: ಇರುತ್ತವೆ, ಕೆಲವು ಕರೆದು ತಂದವು, ಕೆಲವು ಕನ್ನ ಹಾಕಿದವು. ಕೆಲವು ಜಾತಿಗಳ ಹೆಣ್ಣುಗಳ ಹೊಟ್ಟೆಯ ಮೊದಲ ಖಂಡದಲ್ಲಿ ಒಂದು ಪುಟ್ಟ ಚೀಲವಿದೆ, ಗಂಡಿಗೆ ಅದಿಲ್ಲ. ಅದರೊಳಗೆ ಡೈನೊಗಮೇಸಸ್ ಎಂಬ ನುಸಿಗಳು ಇರುತ್ತವೆ. ಪರ್ಕಿನ್ಸ್ ಎಂಬ ಕೀಟಶಾಸ್ತ್ರಜ್ಞರು 1899ರಲ್ಲೇ ಈ ಚೀಲವನ್ನು ವಿವರಿಸಿದರು. ದುಂಬಿ ಮೊಟ್ಟೆ ಇಡುವಾಗ ನುಸಿಗಳು ಇಳಿದು ಕೋಣೆ ಸೇರುತ್ತವೆ, ಮರಿಹುಳುವಿನ ಮೈಯ ಒಸರನ್ನು ತಿಂದು ಬೆಳೆಯುತ್ತವೆ, ಆ ಮರಿ ಹೆಣ್ಣಾಗಿ ರೆಕ್ಕೆ ಬಂದಾಗ ಅದರ ಚೀಲ ಹೊಕ್ಕು ಮುಂದಿನ ಗೂಡಿಗೆ ಹೊರಡುತ್ತವೆ. ಹೊತ್ತೊಯ್ಯಲೆಂದೇ ಮೈಯಲ್ಲಿ ಜಾಗ ಇರುವುದರಿಂದ ನುಸಿಯಿಂದ ದುಂಬಿಗೂ ಏನೋ ಲಾಭವಿದೆ ಎಂದು ಊಹಿಸುತ್ತಾರೆ. ಕನ್ನದವು ಬೇರೆ. ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಜೀರುಂಡೆಗಳ ಬಳಗದಲ್ಲಿ ಕೆಲವು ದುಂಬಿಯ ಗೂಡಿನಲ್ಲೇ ಬೆಳೆಯುವಂಥವು. ಅಮೆರಿಕದಲ್ಲಿ ಪಟ್ಟೆರೆಕ್ಕೆಯ ಒಂದು ದೊಡ್ಡ ನೊಣ ಗೂಡಿನ ಬಾಗಿಲಲ್ಲಿ ಮೊಟ್ಟೆ ಉದುರಿಸಿ ಹೋಗುತ್ತದೆ. ಅದರ ಮರಿ ಒಳಹೊಕ್ಕು ದುಂಬಿಯ ಮರಿಯನ್ನು ತಿನ್ನುತ್ತದೆ. ಮರಕುಟಿಗಗಳಂತೂ ಒಳಗಿನ ಮರಿಯ ಆಸೆಗೆ ಸುರಂಗದ ಉದ್ದಕ್ಕೂ ಮರವನ್ನೇ ಸಿಗಿಯುತ್ತವೆ. ತೊಲೆಗೆ ಆಗುವ ಹಾನಿಯಲ್ಲಿ ದುಂಬಿಯ ಪಾಲಿಗಿಂತ ಮರಕುಟಿಗದ ಪಾಲೇ ಕೆಲವೊಮ್ಮೆ ದೊಡ್ಡದು.

ಆಚಾರಿ: ಗೂಡು ಇರುವ ಮರವನ್ನೇ ಲಾರಿಯಲ್ಲೋ ಹಡಗಿನಲ್ಲೋ ಸಾಗಿಸಿದರೆ?

ಮೇಷ್ಟ್ರು: ಮನೆಯ ಸಮೇತ ಪ್ರಯಾಣ. ಕ್ಯಾಲಿಫೋರ್ನಿಯದ ಕಡೆಯ ಸೊನೋರಿನ ಜಾತಿ ಹವಾಯಿ ದ್ವೀಪಗಳಲ್ಲಿ ನೆಲೆಸಿದೆ. ಬಿದಿರಿನಲ್ಲಿ ಗೂಡು ಮಾಡುವ ಒಂದು ಏಷ್ಯಾದ ಜಾತಿ ಈ ಶತಮಾನದ ಮೊದಲ ದಶಕದಲ್ಲಿ ಜಪಾನಿಗೆ ಹೊಕ್ಕಿತು. ಆಮದಾದ ಒಣಬಿದಿರೇ ಅದರ ವಾಹನ ಎನ್ನುತ್ತಾರೆ. ಮನುಷ್ಯನ ನೆರವಿಲ್ಲದೆಯೂ ಇಂಥ ಪ್ರಯಾಣ ನಡೆದಿರಬಹುದು. ದಕ್ಷಿಣ ಅಮೆರಿಕದಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಗಲಪಗೋಸ್ ದ್ವೀಪಗಳಿಗೆ ಮೂಲನಿವಾಸಿಯಾದ ಜೇನು ಒಂದೇ ಒಂದು. ಅದು ಬಡಗಿ ದುಂಬಿ, ಕ್ಸೈಲೊಕೋಪ ಡಾರ್ವಿನಿ. ಗೂಡು ಹೊತ್ತ ಮರವೊಂದು ಸಮುದ್ರದಲ್ಲಿ ತೇಲಿ ಬಂತೆಂದು ಎಣಿಸುವುದು ಸಹಜ.

ಆಚಾರಿ: ಇಷ್ಟು ಗಟ್ಟಿ ಜೀವಕ್ಕೆ ಅಳಿವಿನ ಭಯ ಇರಲಾರದು.

ಮೇಷ್ಟ್ರು: ಮರ ಇದ್ದರೆ ಇಲ್ಲ. ಆಸ್ಟ್ರೇಲಿಯದಲ್ಲಿ ಏರಾಟ ಎಂಬ ಲೋಹದ ಹಸಿರು ಹೊಳಪಿನ ಜಾತಿಯಿದೆ. ದಕ್ಷಿಣ ಆಸ್ಟ್ರೇಲಿಯದ ಮುಖ್ಯಭೂಮಿಯಲ್ಲಿ ಅದು 1906ರ ಹೊತ್ತಿಗೆ, ವಿಕ್ಟೋರಿಯದಲ್ಲಿ 1938ರ ಹೊತ್ತಿಗೆ ಕಣ್ಮರೆಯಾಯಿತು. ಈಗ ಉಳಿದಿರುವುದು ಕಾಂಗರೂ ದ್ವೀಪದಲ್ಲಿ ಮತ್ತು ನ್ಯೂ ಸೌತ್ ವೇಲ್ಸ್‌ನ ಕೆಲವು ಕಾಡುಗಳಲ್ಲಿ. ಕಾರಣ ಗೂಡಿನ ಮರ. ಅದು ಕೊರೆಯುವುದು ಸತ್ತ ಬ್ಯಾಂಕ್ಸಿಯ ಮರಗಳ ಮೆದು ಕಾಂಡವನ್ನು ಮತ್ತು ಕ್ಸಾಂಥೋರಿಯ ಎಂಬ ಹುಲ್ಲುಮರದ ಒಣಗಿದ ಹೂಗಂಬವನ್ನು. ಬ್ಯಾಂಕ್ಸಿಯ ಬೆಳೆದು ದಪ್ಪನಾಗಿ ಸತ್ತು ಒಣಗಲು ದಶಕಗಳು ಬೇಕು. ಹುಲ್ಲುಮರ ಕಾಡುಗಿಚ್ಚಿನ ಬಳಿಕ ಹೂವಿಗೆ ಬರುತ್ತದೆ. ಒಣಗಿದ ಹೂಗಂಬ ಕೆಲವೇ ವರ್ಷ ನಿಂತು ಬಿದ್ದುಹೋಗುತ್ತದೆ. ಬೆಂಕಿ ಅಪರೂಪಕ್ಕೆ ಬಂದರೆ ಎರಡೂ ಒಂದಾದ ಮೇಲೊಂದು ಸಿಗುತ್ತವೆ. ಬೆಂಕಿ ಬೇಗಬೇಗ ಬಂದರೆ ಹೂಗಂಬ ಮುಗಿಯುವ ಹೊತ್ತಿಗೆ ಬ್ಯಾಂಕ್ಸಿಯ ಇನ್ನೂ ಎಳೆಯದು.

ಕಾಂಗರೂ ದ್ವೀಪದಲ್ಲಿ 2007ರಲ್ಲಿ ದೊಡ್ಡ ಬೆಂಕಿ ಬಿತ್ತು. ಆ ಮೇಲೆ ಸಂಶೋಧಕರು ಮೆದುವಾದ ಬಾಲ್ಸಾ ಮರದ ಕಂಬಗಳನ್ನು ಕಾಡಿನಲ್ಲಿ ನಿಲ್ಲಿಸಿದರು. ದುಂಬಿಗಳು ಅವನ್ನು ಒಪ್ಪಿ ಕೊರೆದು ಮರಿ ಮಾಡಿದವು. 2019-20ರ ಬೇಸಗೆಯಲ್ಲಿ ದ್ವೀಪದ ಸುಮಾರು ಅರ್ಧಭಾಗ ಮತ್ತೆ ಸುಟ್ಟಿತು, ಕಂಬ ನೆಡುವ ಕೆಲಸವನ್ನು ಮತ್ತೆ ಹೂಡಬೇಕಾಯಿತು.

ಆಚಾರಿ: ದುಂಬಿಗಾಗಿ ಮರ ನೆಟ್ಟು ನಿಲ್ಲಿಸುವಷ್ಟು ಉಪಕಾರ ಅದರಿಂದ ಏನಿದೆ?

ಮೇಷ್ಟ್ರು: ಬದನೆ, ಟೊಮ್ಯಾಟೊ ಹೂವುಗಳ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಮಾತ್ರ ಉದುರುತ್ತದೆ. ಸುಮ್ಮನೆ ಮುಟ್ಟಿದರೆ ಬರುವುದಿಲ್ಲ. ದುಂಬಿ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ಅದುರಿಸುತ್ತದೆ. ಪರಾಗ ಚಿಮ್ಮಿ ಅದರ ಹೊಟ್ಟೆಯ ಮೇಲೆ ಬೀಳುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಎಕ್ಕದ ಹೂವಿನಲ್ಲೂ ದುಂಬಿಯದೇ ಓಡಾಟ. ಅದರ ಪರಾಗದ ಗಂಟುಗಳು ಕಾಲಿಗೆ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಸಾಗುತ್ತವೆ. ಕೊಡಗಿನಲ್ಲಿ ಶರಬತ್ತಿಗೆ ಬಳಸುವ ಪ್ಯಾಷನ್ ಫ್ರೂಟ್ ಬಳ್ಳಿಯ ಹೂವು ಅಗಲ, ಕೇಸರಗಳು ಎತ್ತರದಲ್ಲಿ ಬಾಗಿರುತ್ತವೆ. ಕೆಳಗೆ ಮಕರಂದ ಹೀರುವ ಸಣ್ಣ ಜೇನಿನ ಬೆನ್ನು ಅಲ್ಲಿಗೆ ಎಟುಕುವುದಿಲ್ಲ, ದುಂಬಿಯ ಬೆನ್ನು ಉಜ್ಜಿಕೊಂಡೇ ಹೋಗುತ್ತದೆ. ಬ್ರೆಜಿಲಿನಲ್ಲಿ ಹಳದಿ ಪ್ಯಾಷನ್ ಫ್ರೂಟ್ ತೋಟಗಳಲ್ಲಿ ದುಂಬಿ ಇಲ್ಲದಿದ್ದರೆ ಕೂಲಿಯಾಳು ಇಟ್ಟು ಕೈಯಿಂದ ಪರಾಗ ಮುಟ್ಟಿಸಬೇಕು. ಅದಕ್ಕೇ ಅಲ್ಲಿ ದುಂಬಿಗೆ ಗೂಡುಪೆಟ್ಟಿಗೆ ಮಾಡಿಡುವ ರೂಢಿ ಬಂದಿದೆ. ಎಲ್ಲ ಹೂವಿಗೂ ಉಪಕಾರಿ ಎನ್ನಲಾಗದು. ಉದ್ದ ಕೊಳವೆಯ ಹೂಗಳ ಬುಡ ಸೀಳಿ, ಪರಾಗ ಮುಟ್ಟದೆ ಮಕರಂದ ಕದಿಯುವ ಚಾಳಿಯೂ ಅದಕ್ಕಿದೆ.

ಆಚಾರಿ: ತೋಟದಲ್ಲಿ ಇರಲಿ. ಮನೆಯ ತೊಲೆಯಲ್ಲಿ ಇದ್ದರೆ ಮನೆಯವರು ಬಿಡುತ್ತಾರೆಯೇ? ಸೀಮೆಎಣ್ಣೆ ಸುರಿದು ಸಿಮೆಂಟು ಮೆತ್ತುತ್ತಾರೆ.

ಮೇಷ್ಟ್ರು: ಒಂದೆರಡು ಗೂಡಿನಿಂದ ದಪ್ಪ ತೊಲೆ ಬೀಳುವುದಿಲ್ಲ. ಸಣ್ಣ ಪಕಾಸಿಯಲ್ಲಿ, ಅದೂ ವರ್ಷವರ್ಷ ಅದೇ ಜಾಗದಲ್ಲಿ ಗೂಡು ಬೆಳೆಯುತ್ತಾ ಹೋದರೆ ಮರ ಟೊಳ್ಳಾಗುತ್ತದೆ. ತೂತಿನಿಂದ ನೀರು ಇಳಿದರೆ ಕೊಳೆಯುವುದೂ ಇದೆ. ಒಳಗೆ ದುಂಬಿ ಇರುವಾಗ ಬಾಗಿಲು ಮೆತ್ತಿದರೆ ಬೆಳೆದವು ಪಕ್ಕದಲ್ಲಿ ಇನ್ನೊಂದು ತೂತು ಕೊರೆದು ಹೊರಬರುತ್ತವೆ. ಒಂದು ತೂತು ಇದ್ದಲ್ಲಿ ಮೂರು ಆಗುತ್ತವೆ. ಮೊದಲು ಕೆಲವು ದಿನ ಬೆಳಗ್ಗೆ ಸಂಜೆ ಗಮನಿಸಬೇಕು. ಓಡಾಟ ಪೂರ್ತಿ ನಿಂತು, ಹೊಸ ಹೊಟ್ಟು ಬೀಳದೆ, ಕಲೆ ಒಣಗಿದ ಮೇಲೆ ಮುಚ್ಚಬಹುದು. ಖಾಲಿ ಗೂಡನ್ನು ಹಾಗೇ ಬಿಟ್ಟರೆ ಮುಂದಿನ ಹಕ್ಕುದಾರಳು ಬರುತ್ತಾಳೆ.

ಆಚಾರಿ: ಗೇರೆಣ್ಣೆ ಬಳಿದರೆ ಸಾಲದೇ?

ಮೇಷ್ಟ್ರು: ಒಳಗೆ ಇಂಗುವ ಎಣ್ಣೆಗಿಂತ ಮೇಲೆ ಪದರ ಕಟ್ಟುವ ಬಣ್ಣ, ವಾರ್ನಿಷ್ ಹೆಚ್ಚು ನಂಬಿಕೆಯವು. ಅಡಿಬದಿಗೂ ಕತ್ತರಿಸಿದ ತುದಿಗಳಿಗೂ ಬಳಿಯಬೇಕು, ಜನ ಬಿಟ್ಟುಬಿಡುವುದು ಅದನ್ನೇ. ಜೊತೆಗೆ ಹಿತ್ತಲ ಬೇಲಿಯಲ್ಲಿ ತೊಗಟೆ ತೆಗೆದ ಮೆದು ಮರದ ಒಂದು ದಿಮ್ಮಿಯನ್ನೋ ಒಣಬಿದಿರಿನ ಗಳಗಳನ್ನೋ ಮಳೆ ತಾಗದ ಹಾಗೆ ಅಡ್ಡಲಾಗಿ ಕಟ್ಟಿಟ್ಟರೆ, ಅಲ್ಲಿ ಗೂಡು ಹೂಡಲು ಅವಕ್ಕೆ ಜಾಗವಾಗುತ್ತದೆ, ತರಕಾರಿ ಮಡಿಗೂ ಹತ್ತಿರ.

ಆಚಾರಿ: ತೂತಿಗೆ ಸಿಮೆಂಟಿಗಿಂತ ಮರದ ಬೆಣೆಯೇ ವಾಸಿ, ಮರ ಹಿಗ್ಗಿ ಕುಗ್ಗುವಾಗ ಸಿಮೆಂಟು ಬಿಟ್ಟುಕೊಳ್ಳುತ್ತದೆ. ಆದರೆ ಬೆಣೆ ಚೆನ್ನಾಗಿ ಒಣಗಿದ ಗಟ್ಟಿ ಮರದ್ದಾಗಿರಬೇಕು, ಅಂಟು ಹಚ್ಚಿ ಬಡಿದು, ಮಟ್ಟಕ್ಕೆ ಕೊಯ್ದು, ಮೇಲೆ ಬಣ್ಣ ಬಳಿಯಬೇಕು. ಹಸಿ ಮರದ ಬೆಣೆ ಹಾಕಿದರೆ ಬೇಸಗೆಗೆ ಒಣಗಿ ಸಡಿಲವಾಗಿ ತಾನೇ ಉದುರುತ್ತದೆ.